ಬಾಯಿಗೆ ಬಾರದ ಹೆಸರು

ದಕ್ಷಿಣ ಆಫ್ರಿಕಾದ ನ್ಯೂ ಬ್ರೈಟನ್ನಿನಲ್ಲಿ ಶಾಲೆಯ ಗೇಟಿನ ಪಕ್ಕ ಇಪ್ಪತ್ತೆರಡು ವರ್ಷದಿಂದ ಎಣ್ಣೆ ಬಾಣಲೆ ಇಟ್ಟುಕೊಂಡಿರುವ ನೊಸಾಖೆಯನ್ನು ಯಾರಾದರೂ ನಟಿ ಎಂದು ಕರೆದರೆ ಮೊದಲು ನಗುವವಳು ಅವಳೇ. ಅವಳ ಕಸುಬು ಅಮಾಗ್ವಿನ್ಯಾ ಕರಿಯುವುದು. ಮುಷ್ಟಿಗಾತ್ರದ ಹಿಟ್ಟಿನ ಉಂಡೆ, ಒಳಗೆ ಬೇಕೆಂದವರಿಗೆ ಕೊಚ್ಚಿದ ಮಾಂಸ, ಬೇಡವೆಂದವರಿಗೆ ಜಾಮು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಬಾಣಲೆಯ ಮುಂದೆ ನಿಂತು ಚೌಕಾಸಿ ಮಾಡಿ ಗೆದ್ದವರು ಆ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಆದರೆ ಇಷ್ಟು ಮಾತಿನ ಹೆಂಗಸಿನ ಬಾಯಿಗೆ ಒಂದು ಕಡೆ ಬೀಗವಿತ್ತು. ಮದುವೆಯಾಗಿ ಬಂದ ಮೊದಲ ದಿನದಿಂದ ಅವಳು ಮಾವನ ಹೆಸರು ಹಿಡಿದವಳಲ್ಲ. ಕಥೆ ಹೇಳುವ ನಮಗೆ ಆ ಕಟ್ಟುಪಾಡಿಲ್ಲ. ಮುದುಕನ ಹೆಸರು ಫಿಕಿಲೆ. ಅವರ ಖೋಸಾ ಮಾತಿನಲ್ಲಿ ಬಂದು ಸೇರಿದವನು ಎಂದರ್ಥ. ಹಾಗಾಗಿ ಬರುವುದಕ್ಕೆ ಸಂಬಂಧಿಸಿದ ಆ ಮಾತೂ ಅವಳಿಗೆ ನಿಷಿದ್ಧ. ಬಸ್ಸು ಬಂತು ಎನ್ನಬೇಕಾದ ಕಡೆ ಬಸ್ಸು ಕಾಣಿಸಿತು ಎನ್ನುತ್ತಿದ್ದಳು. ಯಾರೂ ಅವಳನ್ನು ಕಾವಲು ಕಾಯುತ್ತಿರಲಿಲ್ಲ. ಸೊಸೆಯಂದಿರು ಹಾಗೇ ಇರುವುದು, ಅವಳೂ ಹಾಗೇ ಇದ್ದಳು.

'ಉಪ್ಪುಗಾಳಿ' ಎಂಬ ಅಪರಾಧ ಧಾರಾವಾಹಿಯವರು ಕ್ಯಾಮೆರಾ ಹೊತ್ತು ಆ ಬೀದಿಗೆ ಬಂದದ್ದು ಅದರ ಮೊದಲ ಸೀಸನ್ನಿನಲ್ಲಿ. ನಿರ್ದೇಶಕಿ ಪುಲೆಂಗ್, ಜೋಹಾನ್ಸ್‌ಬರ್ಗಿನ ಹುಡುಗಿ, ನೊಸಾಖೆಯ ಬಾಣಲೆಯಿಂದ ಒಂದೇ ಉಸಿರಿಗೆ ನಾಲ್ಕು ತಿಂದು ಕೈ ಒರೆಸಿಕೊಂಡಳು. "ಅಮ್ಮಾ, ಒಂದು ಬಕೆಟ್ ಹಿಡ್ಕೊಂಡು ಆ ಹೆಣದ ಪಕ್ಕ ಸುಮ್ನೆ ಹಾದು ಹೋಗ್ತೀರಾ?" ಎಂದು ಕೇಳಿದಳು. ನೊಸಾಖೆ ಹೋದಳು, ಸುಮ್ಮನೆ ಮಾತ್ರ ಹೋಗಲಿಲ್ಲ. "ಎದ್ದೇಳಪ್ಪಾ, ನೆಲ ತಣ್ಣಗಿದೆ" ಎಂದುಬಿಟ್ಟಳು. ಹೆಣ ನಕ್ಕಿತು. ಎರಡನೇ ಸೀಸನ್ನಿನಲ್ಲಿ ಅವಳನ್ನು ಪೊಲೀಸ್ ಠಾಣೆಯ ಸಾಲಿನಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಧಾರಾವಾಹಿಗೆ ಪ್ರಶಸ್ತಿಗಳ ಸುರಿಮಳೆಯಾಗಿ, ಭಾನುವಾರ ಸಂಜೆ ಅದು ಬರುವ ಹೊತ್ತಿಗೆ ಬೀದಿಯಲ್ಲಿ ನಾಯಿಯೂ ಓಡಾಡದಂತಾಗಿತ್ತು.

ಮೂರನೇ ಸೀಸನ್ನಿಗೆ ಪುಲೆಂಗ್ ತಾನೇ ಬಾಣಲೆಯ ಹತ್ತಿರ ಬಂದಳು. "ಅಮ್ಮಾ, ಈ ಸಲ ಮಾತಿರೋ ಪಾತ್ರ. ಕೊನೇ ಕಂತು. ಕೋರ್ಟಲ್ಲಿ ಸಾಕ್ಷಿ. ಕೊಲೆಗಾರ ಯಾರು ಅಂತ ಹೇಳೋರು ನೀವೇ."

ನೊಸಾಖೆ ಹಿಟ್ಟು ಮೆತ್ತಿದ ಕೈಯಿಂದಲೇ ಆ ಹುಡುಗಿಯನ್ನು ತಬ್ಬಿಕೊಂಡಳು. ಹಿಟ್ಟು ಬೆನ್ನಿಗೆಲ್ಲ ಹತ್ತಿತು. ಐವತ್ತೊಂದನೇ ವಯಸ್ಸಿನಲ್ಲಿ ಜಗತ್ತು ಒಂದು ಮಾತು ಕೇಳುತ್ತೇನೆ ಎಂದರೆ ಯಾರಿಗೆ ಬೇಡ? ಗುಟ್ಟು ಬಿಡುವುದಿಲ್ಲ ಎಂಬ ಕಾಗದಕ್ಕೆ ರುಜು ಹಾಕಿದಳು. ಅವಳಿಗೆ ಕೊಟ್ಟ ಹಾಳೆಯಲ್ಲಿ ವಕೀಲರ ಪ್ರಶ್ನೆಗಳಿದ್ದವು, ಅವಳ ಉತ್ತರಗಳಿದ್ದವು. ಕೊಲೆಗಾರನ ಹೆಸರಿನ ಜಾಗ ಮಾತ್ರ ಖಾಲಿ. ಅದು ಚಿತ್ರೀಕರಣದ ದಿನ ಬೆಳಿಗ್ಗೆ ಸಿಗುತ್ತದಂತೆ, ಸುದ್ದಿ ಸೋರಬಾರದಲ್ಲ. ಖಾಲಿ ಜಾಗ ಬಂದಾಗ ಗಂಟಲು ಸರಿಪಡಿಸಿಕೊಂಡು ಮುಂದಕ್ಕೆ ಹೋಗುತ್ತ ಮೂರು ವಾರ ಉರು ಹೊಡೆದಳು.

ಆ ಬೆಳಿಗ್ಗೆ ಪುಲೆಂಗ್ ಅವಳನ್ನು ಮೂಲೆಗೆ ಕರೆದು ಕಿವಿಯಲ್ಲಿ ಹೇಳಿದಳು. ಕೊಲೆಗಾರ ಚರ್ಚಿನ ಹಿರಿಯ, ಭಾನುವಾರದ ಪ್ರಾರ್ಥನೆಯಲ್ಲಿ ಎಲ್ಲರ ಕೈಗೂ ಪ್ರಸಾದದ ರೊಟ್ಟಿ ಕೊಡುವವನು. ಎಲ್ಲರೂ ಹಿರಿಯರೇ ಎಂದು ಕರೆಯುವ ಸಂಭಾವಿತ. ಕೋರ್ಟಿನಲ್ಲಿ ಮಾತ್ರ ಪೂರ್ತಿ ಹೆಸರು ಹೇಳಬೇಕು: ಫಿಕಿಲೆ ಮಟ್ಯಾನಾ.

ನೊಸಾಖೆ ಕಟಕಟೆಯಲ್ಲಿ ನಿಂತಳು. ದೀಪಗಳು ಹತ್ತಿದವು. ಎಲ್ಲ ಉತ್ತರಗಳೂ ನೀರು ಕುಡಿದಂತೆ ಬಂದವು. "ಯಾರನ್ನ ನೋಡಿದ್ರಿ?" ಎಂದು ವಕೀಲ ಕೇಳಿದ ಕೂಡಲೇ ತುಟಿ ಅಂಟಿಕೊಂಡಿತು. ಮತ್ತೊಂದು ಸಲ ತೆಗೆದರು. ಮಗದೊಂದು ಸಲ. ನಾಲ್ಕನೆಯದೂ ಹಾಳಾದ ಮೇಲೆ ಪುಲೆಂಗ್ ಹತ್ತಿರ ಬಂದಳು.

"ಮರೆತೋಗುತ್ತಾ ಅಮ್ಮಾ? ಚೀಟಿ ಬರೆದು ಎದುರಿಗೆ ಅಂಟಿಸ್ಲಾ?"

"ಮರೆವಲ್ಲ ಮಗಳೇ. ಅದು ನಮ್ಮ ಮಾವನ ಹೆಸರು."

"ಅವರು ಇಲ್ಲಿಲ್ವಲ್ಲ!"

"ಎದುರಿಗಿದ್ದಾಗ ಮಾತ್ರ ಕೊಟ್ರೆ ಅದು ಮರ್ಯಾದೆನಾ?"

"ಅಯ್ಯೋ, ಇದು ನಟನೆ. ಹೇಳೋದು ನೀವಲ್ಲ, ಪಾತ್ರ."

"ಪಾತ್ರ ನಿಂದು. ಬಾಯಿ ನಂದೇ ಅಲ್ವಾ?"

ಹೆಸರು ಬದಲಿಸುವಂತಿರಲಿಲ್ಲ, ಹಿಂದಿನ ಕಂತಿನಲ್ಲಿ ಪತ್ತೇದಾರ ಕಡತ ಬಿಡಿಸಿ ಅದನ್ನು ಓದುವ ದೃಶ್ಯ ಆಗಲೇ ಮುಗಿದಿತ್ತು. ಆರೋಪಿಯ ಪೆಟ್ಟಿಗೆಯಲ್ಲಿ ಕೂತಿದ್ದ ಹಿರಿಯ ನಟ ಅಲ್ಲಿಂದಲೇ ಕೂಗಿದ, "ಬಿಡಮ್ಮಾ ಪುಲೆಂಗ್, ನನ್ನ ಹೆಂಡ್ತೀನೂ ಇದೇ ಜಾತಿ. ಹೊಡೆದ್ರೂ ಹೇಳಲ್ಲ." ಎಲ್ಲರೂ ನಕ್ಕರು. ಪುಲೆಂಗ್ ನಗಲಿಲ್ಲ. ಇನ್ನೊಂದೇ ಸಲ, ಆಗದಿದ್ದರೆ ಬೇರೆಯವರನ್ನು ಕರೆಸಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ನೊಸಾಖೆಗೆ ಕಣ್ಣು ತುಂಬಿ ಬಂತು. ಇಷ್ಟು ಆಸೆಪಟ್ಟದ್ದು ಕೈಗೆ ಬಂದು ಹೀಗೆ ಜಾರಬೇಕೇ?

ಐದನೇ ಸಲ ವಕೀಲ ಕೇಳಿದ. ನೊಸಾಖೆ ಶಾಲನ್ನು ಭುಜದ ತುಂಬ ಎಳೆದುಕೊಂಡು ನೆಲ ನೋಡಿದಳು. ಆಮೇಲೆ, ಹಾಳೆಯಲ್ಲಿಲ್ಲದ ಮಾತು, ಮೆಲ್ಲಗೆ: "ಪ್ರತಿ ಭಾನುವಾರ ನಮ್ಮ ಕೈಗೆ ರೊಟ್ಟಿ ಮುರಿದು ಹಾಕೋರು. ಅವರೇ. ಅದೇ ಕೈ."

ಕ್ಯಾಮೆರಾದವನು ಕಣ್ಣು ಮಿಟುಕಿಸಲಿಲ್ಲ. ಆರೋಪಿ ತನ್ನ ಕೈಯನ್ನೇ ನೋಡಿಕೊಂಡ. ಪುಲೆಂಗ್ ನಿಲ್ಲಿಸಿ ಎಂದು ಹೇಳಲು ಮರೆತಳು. ಹೊರಡುವಾಗ ಮಾತ್ರ ಸಂಕೋಚದಿಂದ ಹೇಳಿದಳು, "ನನಗಿಷ್ಟ ಆಯ್ತು ಅಮ್ಮಾ. ಆದ್ರೆ ಚಾನೆಲ್‌ನೋರು ಹೆಸರು ಬೇಕೇ ಬೇಕು ಅಂದ್ರೆ, ಬೇರೆ ಯಾರದೋ ದನಿ ತಂದು ಸೇರಿಸಿಬಿಡ್ತಾರೆ. ಅದು ನನ್ನ ಕೈಲಿಲ್ಲ."

ಬೇರೆಯವಳ ದನಿ, ಇವಳ ಬಾಯಿಂದ! ಐದು ತಿಂಗಳು ಆ ಯೋಚನೆ ಅವಳನ್ನು ಕೊರೆಯಿತು. ಕೊನೇ ಕಂತಿನ ಸಾಕ್ಷಿ ಅವಳೇ ಎಂಬಷ್ಟು ಮನೆಯವರಿಗೆ ಗೊತ್ತಿತ್ತು, ಕಾಗದಕ್ಕೆ ರುಜು ಹಾಕಿದ್ದರಿಂದ ಅದಕ್ಕಿಂತ ಹೆಚ್ಚು ಗಂಡನ ಹತ್ತಿರವೂ ಬಾಯಿ ಬಿಡುವಂತಿರಲಿಲ್ಲ.

ಕೊನೆಗೆ ಒಂದೇ ಕಂತು ಉಳಿದ ಭಾನುವಾರ, ತೆರೆಯ ಮೇಲೆ ಪತ್ತೇದಾರ ಕಡತ ಬಿಡಿಸಿ ಆ ಹೆಸರು ಓದಿದ. ಮುದುಕ ಫಿಕಿಲೆ ಕೂತಲ್ಲೇ ಚಪ್ಪಾಳೆ ಹೊಡೆದ. ಬಂದರಿನಲ್ಲಿ ನಲವತ್ತು ವರ್ಷ ಹಡಗಿನ ಸರಕು ಹೊತ್ತವನ ಹೆಸರು ಯಾವ ಹಲಗೆಯ ಮೇಲೂ ಬಂದಿರಲಿಲ್ಲ, ಈಗ ಟಿವಿಯಲ್ಲಿ! ಕೊಲೆಗಾರನಾದರೆ ಏನಂತೆ. "ಮುಂದಿನ ವಾರ ಎಲ್ಲ ಬನ್ರೋ, ಇಡೀ ದೇಶದ ಮುಂದೆ ನನ್ನ ಹೆಸರು ಕೂಗ್ತಾರೆ" ಎಂದು ಬೀದಿಗೆಲ್ಲ ಸಾರಿಬಿಟ್ಟ. ಯಾರು ಕೂಗುವವರು ಎಂಬುದು ಅವನ ತಲೆಗೆ ಹೋಗಲಿಲ್ಲ. ಅವನ ಮಗಳು ವೆಲಿಸ್ವಾಳಿಗೆ ಮಾತ್ರ ಅದೇ ಮೊದಲು ಹೊಳೆದದ್ದು.

"ಏನತ್ತಿಗೆ, ಟಿವಿಯೋರು ಕರೆದ್ರೆ ನಮ್ಮಪ್ಪನ ಹೆಸರೂ ಹಿಡೀಬಹುದು ಅನ್ನು. ಮದುವೇಲಿ ನಮ್ಮಮ್ಮ ಹೇಳಿಕೊಟ್ಟಿದ್ದನ್ನೆಲ್ಲ ಬಾಣಲೇಲಿ ಹಾಕಿ ಕರಿದ್ಯಾ?"

ನೊಸಾಖೆ ಎದ್ದು ನಾಳೆಯ ಹಿಟ್ಟು ಕಲಸಲು ಹೋದಳು. ಮಾತಿಗೆ ಮಾತು ಕೊಡದ ನೊಸಾಖೆಯನ್ನು ವೆಲಿಸ್ವಾ ಇದುವರೆಗೆ ನೋಡಿರಲಿಲ್ಲ.

ಮುಂದಿನ ಭಾನುವಾರ ಸಂಜೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಲ್ಲಿ ತಲೆಗಳು, ಬಾಗಿಲಲ್ಲಿ ತಲೆಗಳು. ಮುದುಕ ಕೋಟು ತೊಟ್ಟು ಟಿವಿಯ ಎದುರಿನ ಕುರ್ಚಿಯಲ್ಲಿ ವಿರಾಜಮಾನನಾಗಿದ್ದ. ಸೊಸೆ ಎಂದಿನಂತೆ ಗೋಡೆಯ ಬದಿಯ ಚಾಪೆಯ ಮೇಲೆ ಕಾಲು ಮಡಿಸಿ ಕೂತಿದ್ದಳು, ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ. ತೆರೆಯ ಮೇಲೆ ವಕೀಲ ಕೇಳಿದ. ತೆರೆಯ ಮೇಲಿನ ನೊಸಾಖೆ ನೆಲ ನೋಡಿದಳು. ಚಾಪೆಯ ಮೇಲಿನ ನೊಸಾಖೆ ಕಣ್ಣು ಮುಚ್ಚಿಕೊಂಡಳು.

"ಪ್ರತಿ ಭಾನುವಾರ ನಮ್ಮ ಕೈಗೆ ರೊಟ್ಟಿ ಮುರಿದು ಹಾಕೋರು. ಅವರೇ. ಅದೇ ಕೈ."

ಅವಳದೇ ದನಿ.

"ಎಲ್ಲಿ ನನ್ನ ಹೆಸರು?" ಎಂದ ಮುದುಕ.

ಮನೆಯೆಲ್ಲ ಗೊಳ್ಳೆಂದು ನಕ್ಕಿತು. "ಪೋಸ್ಟಲ್ಲಿ ಬರುತ್ತೆ, ಕಾಯ್ತಿರು" ಎಂದು ಕಿಟಕಿಯಿಂದ ಯಾರೋ ಕೂಗಿದರು. ಮುದುಕ ನಗಲಿಲ್ಲ. ಸೊಸೆಯ ಕಡೆ ತಿರುಗಿ ಕೇಳಿದ, "ಹೇಳು ಅಂತ ಎಷ್ಟು ಸಲ ಕೇಳಿದ್ರು ನಿನಗೆ?"

"ಐದು ಸಲ, ಮಾವ."

"ಹೇಳದೇ ಇದ್ರೆ?"

"ಬೇರೆಯವಳನ್ನ ಕರೀತೀನಿ ಅಂದ್ರು."

"ಆದ್ರೂ?"

ಅವಳು ತಲೆಯಾಡಿಸಿದಳು. ವೆಲಿಸ್ವಾ ತನ್ನ ಲೋಟದೊಳಗೆ ಏನನ್ನೋ ಹುಡುಕತೊಡಗಿದಳು.

"ಬಾ, ಇಲ್ಲಿ ಕೂತ್ಕೋ" ಎಂದು ಮುದುಕ ತನ್ನ ಕುರ್ಚಿಯ ಕೈ ತಟ್ಟಿದ.

"ಅಯ್ಯೋ ಬೇಡ ಮಾವ! ಆ ಕುರ್ಚಿಗೆ ನಾನು ಹೇಗೆ..."

"ಅದನ್ನೂ ಕೇಳಲ್ಲ ಅನ್ನು" ಎಂದು ಗೊಣಗಿದ. ಆಮೇಲೆ ಕೋಲೂರಿ ಎದ್ದ, ಜನರ ಕಾಲು ದಾಟುತ್ತ ಗೋಡೆಯ ಬದಿಗೆ ಬಂದ. ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಮಡಿಸಿ, ನರಳುತ್ತ, ಎಂಬತ್ತೆರಡರ ಆ ಮನುಷ್ಯ ಸೊಸೆಯ ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತುಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ನೊಸಾಖೆ ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಮತ್ತು ಅವಳು ತಲೆ ತಗ್ಗಿಸಲಿಲ್ಲ. ಕಂತು ಮುಗಿಯುವವರೆಗೂ ಇಬ್ಬರೂ ಅಲ್ಲೇ ಕೂತು ನೋಡಿದರು. ಆಮೇಲೆ ಮುದುಕನನ್ನು ಎಬ್ಬಿಸಲು ಮೂರು ಜನ ಬೇಕಾಯಿತು.