ಕೊರಿಯದ ಹುಡುಗಿಯರು ಜಪಾನಿಯಲ್ಲಿ ಹಾಡಿದ ಆ ಭಾನುವಾರ

ಅದು ೨೦೦೩ನೇ ಇಸವಿ. ನೈರೋಬಿಯ ಭಾರತೀಯ ಸಮುದಾಯದವರು ಒಂದು ಭಾನುವಾರ ಮಧ್ಯಾಹ್ನ ಕಸರಾನಿಯ ಕ್ರೀಡಾಂಗಣದಲ್ಲಿ ಸಂಗೀತ ಕಾರ್ಯಕ್ರಮವೊಂದನ್ನು ಏರ್ಪಡಿಸಿದ್ದರು. ಅಲ್ಲಿ ಏಳು ವರ್ಷದ ನನ್ನ ಮಗಳು ಮೇದಿನಿ ಕಳೆದುಹೋದಳು. ಕತ್ತಲಾಗುವುದರೊಳಗೆ ಸಿಕ್ಕಳು. ಅವಳು ಸಿಕ್ಕಿದ್ದು ಕೊರಿಯದ ಮೂವರು ಹುಡುಗಿಯರು ಜಪಾನಿ ಭಾಷೆಯಲ್ಲಿ ಹಾಡಿದ ಒಂದು ಹಾಡಿನಿಂದ, ಮತ್ತು ನಮ್ಮ ಪರಿಚಯವೇ ಇಲ್ಲದ ಒಬ್ಬರ ಒಳ್ಳೆಯತನದಿಂದ. ಆ ಒಳ್ಳೆಯತನಕ್ಕೆ ನಮ್ಮ ಜನ ಕೊಟ್ಟ ಪ್ರತಿಫಲವನ್ನು ಹೇಳದೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಹಾಡಿನ ವಿಷಯ ಮೊದಲು ಹೇಳಬೇಕು. ನನ್ನ ಪತಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯರಾಗಿದ್ದರು, ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿನ ಹೆಚ್ಚಿನವರಂತೆ ನಾವೂ ಜಪಾನಿನಲ್ಲಿ ಓಡಿ ಹಳತಾಗಿ, ಹಡಗೇರಿ ಮೊಂಬಾಸಾಕ್ಕೆ ಬಂದ ಕಾರನ್ನು ಕೊಂಡಿದ್ದೆವು. ಒಂದು ಶ್ರೀಮಂತ ದೇಶ ತನಗೆ ಬೇಡವಾದ ಹೊಗೆಯನ್ನು ಬಡ ದೇಶಗಳಿಗೆ ಮಾರುವ ಈ ವ್ಯಾಪಾರದ ಬಗ್ಗೆ ನನಗೆ ತಕರಾರಿತ್ತು, ಈಗಲೂ ಇದೆ. ಆದರೆ ಹೊಸ ಕಾರು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಆ ಕಾರಿನ ರೇಡಿಯೋ ಜಪಾನಿನ ಪ್ರಸಾರಕ್ಕೆಂದು ಮಾಡಿದ್ದು. ನೈರೋಬಿಯ ಕೇಂದ್ರಗಳು ಅದಕ್ಕೆ ಸಿಗುತ್ತಿರಲಿಲ್ಲ. ಡಿಕ್ಕಿಯಲ್ಲಿ ಸಿ.ಡಿ. ಹಾಕುವ ಪೆಟ್ಟಿಗೆಯೊಂದಿತ್ತು, ಅದರೊಳಗೆ ಹಿಂದಿನ ಮಾಲೀಕರು ಬಿಟ್ಟಿದ್ದ ಒಂದೇ ಒಂದು ಸಿ.ಡಿ. ಸಿಕ್ಕಿಹಾಕಿಕೊಂಡು ಕುಳಿತಿತ್ತು. ತೆಗೆಯಲು ಬಾರದು, ಬೇರೆಯದನ್ನು ಹಾಕಲೂ ಬಾರದು. ಹೀಗಾಗಿ ನಮ್ಮ ಕಾರಿನಲ್ಲಿ ಕೇಳಿಸುತ್ತಿದ್ದುದು ಆ ಒಂದು ಆಲ್ಬಮ್ ಮಾತ್ರ. ಮೇದಿನಿಗೆ ಅದು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಮಗು, ಅರ್ಥವಾಗದ ಆ ಭಾಷೆಯನ್ನು ಉಸಿರು ತೆಗೆದುಕೊಳ್ಳುವ ಜಾಗದ ಸಮೇತ ಒಪ್ಪಿಸುತ್ತಿದ್ದಳು.

ಹಾಡುತ್ತಿದ್ದವರು ಜಪಾನಿನವರಲ್ಲ ಎಂದು ತಿಳಿದದ್ದು ನಮ್ಮ ಕಾಂಪೌಂಡಿನಲ್ಲೇ ಇದ್ದ ಕೊರಿಯದ ಶ್ರೀಮತಿ ಕಿಮ್ ಅವರಿಂದ. ಒಂದು ದಿನ ಅವರನ್ನು ಮಾರುಕಟ್ಟೆಗೆ ಕರೆದೊಯ್ಯುವಾಗ ಹಾಡು ಶುರುವಾಯಿತು. ಅವರು ಬೆರಗಾಗಿ ನನ್ನ ತೋಳು ಹಿಡಿದರು.

"ಇವರು ನಮ್ಮ ಹುಡುಗಿಯರು! ಈ ಹಾಡು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದ್ರೆ ಮಾತು ಜಪಾನಿದು. ಅಲ್ಲಿ ಮಾರೋದಕ್ಕೆ ಅಂತಲೇ ಬೇರೆ ಆಲ್ಬಮ್ ಮಾಡಿದ್ರು ಅಂತ ಕೇಳಿದ್ದೆ. ಕೇಳಿಸಿಕೊಂಡಿದ್ದು ಇವತ್ತೇ."

"ಯಾಕೆ, ನಿಮ್ಮ ಊರಲ್ಲಿ ಸಿಗಲ್ವಾ?"

"ಜಪಾನಿ ಭಾಷೆಯ ಹಾಡಿನ ಸಿ.ಡಿ. ನಮ್ಮ ದೇಶದಲ್ಲಿ ಮಾರೋ ಹಾಗಿಲ್ಲ. ನಮ್ಮವರೇ ಹಾಡಿದ್ರೂ ಅಷ್ಟೇ."

ನನಗೆ ಸಿಟ್ಟು ಬಂತು. ಜಪಾನ್ ಕೊರಿಯವನ್ನು ಆಳುತ್ತಿದ್ದಾಗ ಶಾಲೆಗಳಲ್ಲಿ ಕೊರಿಯನ್ ಭಾಷೆಯ ಬಾಯಿ ಮುಚ್ಚಿಸಿದ ಚರಿತ್ರೆಯನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದವಳು. ಆ ಶಾಲೆಗಳಲ್ಲಿ ಕಲಿತ ಮಕ್ಕಳ ಮೊಮ್ಮಕ್ಕಳನ್ನು ಕಂಪನಿಗಳು ಎಳೆಯ ವಯಸ್ಸಿನಲ್ಲೇ ಹಿಡಿದು, ತಿದ್ದಿ, ಕುಣಿಸಿ, ಅದೇ ಭಾಷೆಯಲ್ಲಿ ಹಾಡಿಸಿ ಹಣ ಮಾಡುವುದು ಅನ್ಯಾಯವೆಂದು ಅವರಿಗೆ ಹೇಳಿದೆ.

"ನಮ್ಮಜ್ಜಿಗೆ ಕೊರಿಯನ್ ಮಾತಾಡಿದ್ದಕ್ಕೆ ಶಾಲೆಯಲ್ಲಿ ಹೊಡೆದಿದ್ರು," ಎಂದರು ಶ್ರೀಮತಿ ಕಿಮ್. "ಈ ಹುಡುಗಿಯರನ್ನ ಯಾರೂ ಹೊಡೀಲಿಲ್ಲ. ಇವರು ಮಾರೋಕೆ ಹೋದ್ರು. ಕೊಳ್ಳೋರ ಭಾಷೆ ಕಲಿತುಕೊಂಡು ಹೋದ್ರು."

"ಹೊಟ್ಟೆಪಾಡೂ ಹೊಡೆತವೇ ಅಲ್ವಾ?"

"ನೀವು ಈಗ ಟೊಮೇಟೊಗೆ ಸ್ವಾಹಿಲಿಯಲ್ಲಿ ಚೌಕಾಸಿ ಮಾಡ್ತೀರಲ್ಲ, ನಿಮ್ಮನ್ನ ಯಾರು ಹೊಡೆದ್ರು?" ಎಂದು ಅವರು ನಕ್ಕರು. ನಾನೂ ನಕ್ಕೆ, ಆದರೆ ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ಮೇದಿನಿ ನಮ್ಮಿಬ್ಬರ ಚರ್ಚೆಯನ್ನೂ ಮೀರಿಸುವಂತೆ ಹಾಡುತ್ತಿದ್ದಳು.

ಈಗ ಆ ಭಾನುವಾರ. ಪತಿಗೆ ಆಸ್ಪತ್ರೆಯಲ್ಲಿ ಕೆಲಸವಿತ್ತು. ನಾವಿಬ್ಬರೇ ಹೋಗಿದ್ದೆವು. ಕಾರ್ಯಕ್ರಮ ಮುಗಿದು ಸಾವಿರಾರು ಜನ ಒಮ್ಮೆಲೇ ಬಾಗಿಲುಗಳತ್ತ ನುಗ್ಗಿದಾಗ ಮಗಳ ಕೈ ನನ್ನ ಕೈಯಿಂದ ಜಾರಿತು. ಹಿಂತಿರುಗಿ ನೋಡಿದರೆ ಅವಳ ಹಳದಿ ಫ್ರಾಕು ಎಲ್ಲೂ ಕಾಣಲಿಲ್ಲ.

ವೇದಿಕೆಯ ಬಳಿಗೆ ಓಡಿದೆ. ಸ್ವಯಂಸೇವಕರ ಮುಖಂಡ ಸುರೇಶ್ ಬೆಂಗಳೂರಿನವರು, ನಮಗೆ ಪರಿಚಿತರು. ಮೈಕಿನಲ್ಲಿ ಮಗಳ ಹೆಸರು ಕೂಗಿಸಿ ಎಂದು ಬೇಡಿಕೊಂಡೆ.

"ಒಂದ್ನಿಮಿಷ ಅಕ್ಕ. ಚೀಫ್ ಗೆಸ್ಟ್ ಇನ್ನೂ ಹೊರಟಿಲ್ಲ. ಅವರ ಮುಂದೆ ಮಗು ಕಳೆದೋಯ್ತು ಅಂತ ಅನೌನ್ಸ್ ಮಾಡಿದ್ರೆ ಏನು ಅಂದ್ಕೋತಾರೆ? ಗೇಟಲ್ಲಿ ಹುಡುಗ್ರಿದ್ದಾರೆ, ಎಲ್ಲಿ ಹೋಗ್ತಾಳೆ?"

ಅತಿಥಿಗಳು ಹಾರ, ಶಾಲು, ಫೋಟೋ ಎಲ್ಲವನ್ನೂ ಮುಗಿಸಿ ಹೊರಡುವಷ್ಟರಲ್ಲಿ ಧ್ವನಿವರ್ಧಕದವರು ತಂತಿ ಸುತ್ತಿ ಮುಗಿಸಿದ್ದರು. ಒಂದು ಮಗುವಿನ ಪ್ರಾಣಕ್ಕಿಂತ ಗಣ್ಯರ ಸಮಾಧಾನ ದೊಡ್ಡದಾದ ಆ ಗಳಿಗೆಯನ್ನು ನಾನು ಕ್ಷಮಿಸಿಲ್ಲ.

ಕಾರುಗಳ ಬಯಲಿಗೆ ಬಂದೆ. ಹೆಸರು ಹಿಡಿದು ಕೂಗಿದರೆ ನನ್ನ ಸ್ವರ ಹತ್ತು ಹೆಜ್ಜೆಯೂ ಹೋಗುತ್ತಿರಲಿಲ್ಲ. ಸುತ್ತ ನೂರಾರು ಕಾರುಗಳು, ಎಲ್ಲವೂ ಬಿಳಿ, ಎಲ್ಲವೂ ಜಪಾನಿನವು. ಎಲ್ಲವೂ ಹಾರನ್ ಒತ್ತುತ್ತಿದ್ದವು, ಕೆಲವು ಹಿಂದಿ ಹಾಡು ಹಾಕಿದ್ದವು. ಮೇದಿನಿಗೆ ನಮ್ಮ ಕಾರು ಗುರುತಾಗುವುದಾದರೂ ಹೇಗೆ ಎಂದು ಯೋಚಿಸುತ್ತಿದ್ದಾಗಲೇ ಉತ್ತರ ಹೊಳೆಯಿತು. ಕೀಲಿ ತಿರುಗಿಸಿ, ನಾಲ್ಕೂ ಬಾಗಿಲುಗಳನ್ನೂ ಡಿಕ್ಕಿಯನ್ನೂ ತೆರೆದು, ಆ ಆಲ್ಬಮನ್ನು ಎಷ್ಟು ಜೋರಾಗುತ್ತದೋ ಅಷ್ಟು ಜೋರಾಗಿ ಹಾಕಿದೆ.

ಪಕ್ಕದ ಕಾರಿನವರೊಬ್ಬರು ಕಿವಿ ಮುಚ್ಚಿಕೊಂಡರು. "ಏನ್ರೀ ಇದು, ಚೀನಾದವರ ಮದುವೇನಾ?"

"ಮಗಳು ಕಳೆದುಹೋಗಿದ್ದಾಳೆ. ದಯವಿಟ್ಟು ನಿಮ್ಮ ಹಾಡು ನಿಲ್ಲಿಸಿ," ಎಂದೆ. ಅವರು ತಕ್ಷಣ ನಿಲ್ಲಿಸಿದರು, ಆಚೆಯ ಕಾರಿನವರಿಗೂ ಕೂಗಿ ಹೇಳಿದರು. ಆ ಸಾಲು ನಿಧಾನವಾಗಿ ಸುಮ್ಮನಾಯಿತು. ಮೂವರು ಹುಡುಗಿಯರ ಸ್ವರ ಮಾತ್ರ ಬಯಲಿನ ಮೇಲೆ ಹರಡಿತು. ಒಂದು ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು, ಅದೂ ಮುಗಿಯಿತು. ನಾನು ಕಾರು ಬಿಟ್ಟು ಹುಡುಕಲು ಹೋಗುವಂತಿರಲಿಲ್ಲ. ಅವಳು ಬಂದಾಗ ನಾನು ಅಲ್ಲಿ ಇಲ್ಲದೆ ಹೋದರೆ?

ಮೂರನೆಯ ಹಾಡಿನ ನಡುವೆ ಹಳದಿ ಫ್ರಾಕು ಕಾಣಿಸಿತು. ಕಪ್ಪು ಸೂಟು ತೊಟ್ಟ, ಒಂದು ಕೈಯಲ್ಲಿ ಬೈಬಲ್ ಹಿಡಿದ ನಡುವಯಸ್ಸಿನ ಕೆನ್ಯನ್ ಒಬ್ಬರು ಅವಳ ಕೈ ಹಿಡಿದು ಕಾರುಗಳ ಸಾಲಿನ ನಡುವೆ ಬರುತ್ತಿದ್ದರು. ನಾನು ಓಡಿದೆ. ನನಗಿಂತ ಮೊದಲು ಸುರೇಶ್, ಅವರ ಹುಡುಗರು ಮತ್ತು ಕ್ರೀಡಾಂಗಣದ ಕಾವಲುಗಾರನೊಬ್ಬ ತಲುಪಿದರು.

"ಸಿಕ್ಕಿದ, ಹಿಡ್ಕೊಳ್ರೋ!" ಎಂದು ಹುಡುಗರಲ್ಲೊಬ್ಬ ಅರಚಿದ.

ಯಾರೋ ಸ್ವಾಹಿಲಿಯಲ್ಲಿ 'ಮ್ವಿಜಿ' ಎಂದು ಕೂಗಿದರು. ಕಳ್ಳ ಎಂದರ್ಥ. ನೈರೋಬಿಯಲ್ಲಿದ್ದವರಿಗೆ ಆ ಮಾತಿನ ಭಾರ ಗೊತ್ತು. ಜನ ಗುಂಪುಗೂಡಿ ಒಬ್ಬನನ್ನು ಕೊಂದುಹಾಕಲು ಅಷ್ಟು ಸಾಕಾಗುತ್ತಿತ್ತು. ಕಾವಲುಗಾರನ ದೊಣ್ಣೆ ಸೂಟು ತೊಟ್ಟವರ ಭುಜದ ಮೇಲೆ ಬಿತ್ತು, ಬೈಬಲ್ ಮಣ್ಣಿಗೆ ಬಿತ್ತು. ಅವರು ಎರಡೂ ಕೈ ಮೇಲೆತ್ತಲು ನೋಡಿದರು. ಆದರೆ ಮೇದಿನಿ ಹಿಡಿದ ಕೈ ಬಿಡಲಿಲ್ಲ.

"ಸ್ಟಾಪ್ ಇಟ್! ಹೀ ಈಸ್ ಟೇಕಿಂಗ್ ಮೀ ಟು ಅವರ್ ಸಾಂಗ್!" ಎಂದು ಚೀರಿದಳು.

ನಾನು ಗುಂಪನ್ನು ತಳ್ಳಿಕೊಂಡು ಹೋಗಿ ಅವರ ಮತ್ತು ದೊಣ್ಣೆಯ ನಡುವೆ ನಿಂತೆ.

"ಅಕ್ಕ, ನಿಮಗಿದೆಲ್ಲ ಗೊತ್ತಾಗಲ್ಲ. ಮಗು ಸಿಕ್ತಲ್ಲ, ಕರ್ಕೊಂಡು ಹೋಗಿ. ಇವನನ್ನ ನಾವು ನೋಡ್ಕೋತೀವಿ," ಎಂದರು ಸುರೇಶ್.

"ಗೇಟು ಯಾವ ಕಡೆ ಇದೆ, ಸುರೇಶ್? ಮಗು ಕದಿಯೋರು ಗೇಟಿಗೆ ಬೆನ್ನು ಹಾಕಿ, ಇಷ್ಟು ಜೋರಾಗಿ ಹಾಡು ಬರ್ತಿರೋ ಕಡೆಗೆ ನಡ್ಕೊಂಡು ಬರ್ತಾರಾ? ಇದೇ ಕೈ ಹಿಡಿದೋರು ನಮ್ಮವರೊಬ್ಬರಾಗಿದ್ರೆ ನೀವು ದೊಣ್ಣೆ ಎತ್ತಿಸ್ತಿದ್ರಾ?"

ಸುರೇಶ್ ಕೈಸನ್ನೆ ಮಾಡಿದರು. ಕಾವಲುಗಾರ ದೊಣ್ಣೆ ಇಳಿಸಿದ. ಕ್ಷಮೆ ಕೇಳಿ ಎಂದು ನಾನು ಒತ್ತಾಯಿಸಿದ ಮೇಲೆ ಸುರೇಶ್, "ಸಾರಿ ಬ್ರದರ್, ಕಾಲ ಹಾಗಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಟರು. ಕಾಲದ ಮೇಲೆ ಹೊರಿಸಿದ ಆ ತಪ್ಪಿಗೆ ಸರಿಯಾದ ಹೆಸರು ವರ್ಣದ್ವೇಷ. ಬಿಳಿಯರು ನಮಗೆ ಮಾಡಿದ್ದನ್ನು ಶಾಲೆಯ ಪಾಠದಲ್ಲಿ ಓದಿ ಮರುಗುವ ನಾವು, ಆ ದೇಶದ ಅನ್ನ ಉಣ್ಣುತ್ತಲೇ ಅಲ್ಲಿನವರಿಗೆ ಅದನ್ನೇ ಮಾಡುತ್ತೇವೆ.

ಮೇದಿನಿ ಬೈಬಲ್ ಎತ್ತಿಕೊಟ್ಟಳು. ಅವರು ಮಣ್ಣು ಒರೆಸಿಕೊಳ್ಳುತ್ತ ನಡೆದದ್ದನ್ನು ಹೇಳಿದರು. ಅವರ ಮನೆ ಕ್ರೀಡಾಂಗಣದ ಹಿಂದೆಯೇ. ಚರ್ಚಿನಿಂದ ಬರುವಾಗ ಗೇಟಿನ ಹೊರಗೆ ಮಗು ಅಳುತ್ತ ನಿಂತಿತ್ತಂತೆ. ಅಮ್ಮ ಎಲ್ಲಿ ಎಂದು ಕೇಳಿದರೆ ಅಳು ಇನ್ನೂ ಜೋರಾಯಿತಂತೆ. ಆಮೇಲೆ ದೂರದಿಂದ ಹಾಡು ಕೇಳಿಸಿತು. ಮಗು ಅಳು ನಿಲ್ಲಿಸಿ ಅವರನ್ನು ಎಳೆದುಕೊಂಡು ಹೊರಟಿತು.

"ದಾರಿಯುದ್ದಕ್ಕೂ ಇವಳೂ ಹಾಡಿಕೊಂಡು ಬಂದಳು, ಮಾಮಾ. ಅದು ನಿಮ್ಮ ಮನೆಯ ಭಾಷೆ ಅಂದುಕೊಂಡೆ," ಎಂದರು. ಸ್ವಾಹಿಲಿಯಲ್ಲಿ 'ಮಾಮಾ' ಎಂದರೆ ಅಮ್ಮ.

ಅಲ್ಲ, ಅದು ಜಪಾನಿ ಭಾಷೆ, ಹಾಡಿದವರು ಕೊರಿಯದವರು ಎಂದೆ. ಅವರು ಮಗಳನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಆ ನೋವಿನಲ್ಲೂ ನಕ್ಕರು.

ಆಸ್ಪತ್ರೆಗೆ ಬನ್ನಿ ಎಂದೆ, ಬೇಡವೆಂದರು. ಪೊಲೀಸರಿಗೆ ದೂರು ಕೊಡೋಣ, ನಾನೇ ಸಾಕ್ಷಿ ಹೇಳುತ್ತೇನೆ ಎಂದೆ. "ಠಾಣೆಗೆ ಹೋದರೆ ಮೊದಲ ಪ್ರಶ್ನೆ ಕೇಳೋದು ನನ್ನನ್ನೇ," ಎಂದರು. ಅದು ನಿಜವಾಗಿತ್ತು. ನನ್ನ ಬಳಿ 'ಅಸಾಂಟೆ' ಎಂಬ ಧನ್ಯವಾದದ ಹೊರತು ಬೇರೇನೂ ಉಳಿಯಲಿಲ್ಲ. ಅವರು ಮೇದಿನಿಯ ತಲೆ ಸವರಲು ಕೈ ಚಾಚಿದರು. ಸುತ್ತ ನಿಂತಿದ್ದವರನ್ನು ನೋಡಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನನಗೂ ಹೆಣ್ಣುಮಕ್ಕಳಿದ್ದಾರೆ, ಮಾಮಾ. ಆದರೆ ಇನ್ನೊಂದು ಸಲ ಯಾವ ಮಗು ಹೀಗೆ ನಿಂತಿದ್ದರೂ ನಾನು ಕೈ ಹಿಡಿಯೋದಿಲ್ಲ. ದೂರ ನಿಂತು ಯಾರನ್ನಾದರೂ ಕರೀತೀನಿ, ಅಷ್ಟೇ."

ಇಷ್ಟು ಹೇಳಿ ಅವರು ಗೇಟಿನತ್ತ ನಡೆದರು.

ಮುಂದೆ ಸಮುದಾಯದ ಸಭೆಯಲ್ಲಿ ನಾನು ಎರಡೂ ವಿಷಯಗಳನ್ನು ಎತ್ತಿದೆ. ಮಕ್ಕಳು ಕಳೆದುಹೋದರೆ ತಕ್ಷಣ ಮೈಕಿನಲ್ಲಿ ಹೇಳಬೇಕೆಂಬುದನ್ನು ಎಲ್ಲರೂ ಒಪ್ಪಿದರು. ಆ ಏಟಿನ ಮಾತು ಬಂದಾಗ ಹಿರಿಯರೊಬ್ಬರು, "ಮಗು ಸಿಕ್ಕಿತಲ್ಲಮ್ಮ, ಇನ್ನೂ ಯಾಕೆ ಎಳೆಯೋದು?" ಎಂದರು. ಕೆಲವರು ತಲೆಯಾಡಿಸಿದರು, ಅಷ್ಟಕ್ಕೆ ಸಭೆ ಮುಗಿಯಿತು.

ನಾವು ನೈರೋಬಿ ಬಿಟ್ಟು ಬಹಳ ಕಾಲವಾಯಿತು. ನನ್ನ ಮಗಳು ಸಿಕ್ಕಳು ಎಂಬ ಸಂತೋಷ ನನಗೆ ಪೂರ್ಣವಾಗಿ ದಕ್ಕಿಲ್ಲ. ಕಸರಾನಿಯ ಯಾವುದೋ ಗೇಟಿನ ಬಳಿ ಇನ್ಯಾರದೋ ಮಗು ಅಳುತ್ತ ನಿಂತಿರುವುದು, ಕಪ್ಪು ಸೂಟಿನ ಆ ತಂದೆ ರಸ್ತೆಯ ಆಚೆ ಬದಿಯಲ್ಲೇ ನಿಂತು ಅದನ್ನು ನೋಡುತ್ತಿರುವುದು ಈಗಲೂ ನನ್ನ ಕಣ್ಣಿಗೆ ಕಟ್ಟುತ್ತದೆ.