ಅಟ್ಟದ ಮೇಲಿಟ್ಟ ಗಣಿತ

ಇವತ್ತು ಬೆಳಿಗ್ಗೆ ಕೊಬ್ಬರಿ ಚೀಲದ ಬಾಯಿ ಬಿಚ್ಚಿದ್ದೇ ತಡ, ಚಿತ್ರದುರ್ಗದ ನಮ್ಮ ಪುಟ್ಟ ಬಾಡಿಗೆ ಮನೆಯ ತುಂಬ ಹೊಸದುರ್ಗದ ಅಟ್ಟದ ವಾಸನೆ ಹರಡಿತು. ಎಣ್ಣೆ, ಧೂಳು, ಹಳೆಯ ನಾರು ಬೆರೆತ ಈ ವಾಸನೆ ನಿಮಗೆ ಹಿಡಿಸದಿರಬಹುದು. ನನಗೆ ಮಾತ್ರ ಅದು ತವರಿನ ವಾಸನೆ. ಚೀಲ ತಂದವಳು ನನ್ನ ಅಕ್ಕ ಶಿವಲೀಲಾ. ತವರಿನಿಂದ ಹಿರಿಯೂರಿನ ತನ್ನ ಮನೆಗೆ ಹೋಗುವಾಗ ಸುತ್ತು ಹಾಕಿಕೊಂಡು ನಮ್ಮಲ್ಲಿ ಇಳಿದಿದ್ದಳು. ಅದೂ ಇವತ್ತೇ ಬರಬೇಕೆ! ಮೇಜಿನ ಮೇಲೆ ನನ್ನ ಮಗಳು ರಚನಾಳ ಶಿಕ್ಷಣ ಸಾಲದ ಅರ್ಜಿ ನನ್ನ ಸಹಿಗಾಗಿ ಕಾಯುತ್ತಿತ್ತು. ಅವಳಿಗೆ ಗಣಿತದಲ್ಲಿ ಎಂ.ಎಸ್ಸಿ. ಮಾಡಬೇಕಂತೆ.

ನಾನು ಗಣಿತದಲ್ಲಿ ಡುಮ್ಕಿ ಹೊಡೆದವಳು. ನಮ್ಮ ಮನೆಗೆ ಬರಬೇಕಾಗಿದ್ದ ಗಣಿತವನ್ನೆಲ್ಲ ಅಕ್ಕ ಮೊದಲೇ ಹುಟ್ಟಿ ಬಾಚಿಕೊಂಡಿದ್ದಳು, ನನಗೆ ಉಳಿದದ್ದು ಬಾಯಿ ಮಾತ್ರ. ಅಕ್ಕ ಒಂದು ಲೆಕ್ಕ ಬಿಡಿಸಿ ಮುಗಿಸಿದಾಗ ಸಣ್ಣಗೆ ನಗುತ್ತಿದ್ದಳು. ಯಾರಿಗೋ ತೋರಿಸಲು ನಗುತ್ತಿದ್ದ ನಗೆಯಲ್ಲ ಅದು.

ಕೊಬ್ಬರಿ ಮಾಡುವ ಕ್ರಮ ನಿಮಗೆ ಗೊತ್ತಿರಬಹುದು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಗಟ್ಟಿಯಾಗುತ್ತದೆ. ಅಪ್ಪ ಆಗಾಗ ಏಣಿ ಹತ್ತಿ ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ, ಇರ್ಲಿ ಬಿಡ್ರಿ" ಎಂದು ಇಳಿಯುತ್ತಿದ್ದರು. ಇಟ್ಟಷ್ಟೂ ಬೆಲೆ ಬರುವ ವಸ್ತುವನ್ನು ನೋಡುತ್ತ ಬೆಳೆದವರು ನಾವು. ಲೋಕದಲ್ಲಿ ಎಲ್ಲವೂ ಹಾಗೆಯೇ ಎಂದುಕೊಂಡಿದ್ದೆವು.

ಅಕ್ಕನ ಬಿ.ಎಸ್ಸಿ. ಮುಗಿದಾಗ ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು, ಪೇಮೆಂಟ್ ಸೀಟು. ಸಾಲ ಮಾಡದೆ ದಾರಿಯಿರಲಿಲ್ಲ. ಬೇರೆ ಮನೆಗಳಲ್ಲಿ ಅಪ್ಪಂದಿರು ಬೇಡವೆನ್ನುತ್ತಾರೆ, ಮಕ್ಕಳು ಅಳುತ್ತಾರೆ. ನಮ್ಮಲ್ಲಿ ಅದು ತಿರುವುಮುರುವಾಯಿತು. ಅಪ್ಪ, "ಬ್ಯಾಂಕಿಗೆ ಹೋಗಾಣ ನಡಿ" ಎಂದು ಹೊಸ ಪಂಚೆ ಉಟ್ಟು ನಿಂತರು. ಅಕ್ಕ ಅವರನ್ನು ಕೂರಿಸಿ, ಸೀಮೆಸುಣ್ಣದಿಂದ ನೆಲದ ಮೇಲೆ ಲೆಕ್ಕ ಬರೆದಳು. ಇಷ್ಟು ಸಾಲ, ಓದು ಮುಗಿಯುವ ಹೊತ್ತಿಗೆ ಇಷ್ಟು ಬಡ್ಡಿ, ಗಣಿತ ಓದಿದವಳಿಗೆ ಸಿಗುವ ಅತಿಥಿ ಉಪನ್ಯಾಸಕಿಯ ಸಂಬಳ ಇಷ್ಟು, ಕಾಲೇಜಿಗೆ ರಜೆ ಬಂದರೆ ಅದೂ ಇಲ್ಲ. ಪಕ್ಕದಲ್ಲಿ ಕೊಬ್ಬರಿ ಮಂಡಿಯವರು ಲೆಕ್ಕ ಬರೆಯಲು ಕೊಡುತ್ತೇವೆಂದಿದ್ದ ಸಂಬಳ.

"ನೀನೇ ನೋಡಪ್ಪ. ಎಲ್ಲಿ ಗಿಟ್ಟುತೈತೆ?"

ಅಪ್ಪನಿಗೆ ಆ ಅಂಕಿಗಳು ಅರ್ಥವಾಗಲಿಲ್ಲ, ಉತ್ತರ ಅರ್ಥವಾಯಿತು. "ಓದಾದು ಬಿಟ್ಟು ಇರ್ತೀಯೇನಮ್ಮ?" ಎಂದಷ್ಟೇ ಕೇಳಿದರು.

ಅಕ್ಕ ನಕ್ಕು ಅಟ್ಟದ ಕಡೆ ಕೈ ತೋರಿಸಿದಳು. "ಗಣಿತ ಎಲ್ಲಿಗೆ ಹೋಗ್ತೈತಪ್ಪ? ಅಲ್ಲಿ ಇಟ್ಟಿರ್ತೀನಿ. ಯಾವಾಗ ಬೇಕಾದ್ರೂ ಇಳಿಸ್ಕಬೋದು."

ನಮಗೆಲ್ಲ ಅದು ಎಷ್ಟು ಸರಿಯೆನಿಸಿತು! ಅಪ್ಪ ಪಂಚೆ ಬದಲಿಸಿ ತೋಟಕ್ಕೆ ಹೋದರು. ಅಕ್ಕ ಮಂಡಿಗೆ ಸೇರಿದಳು, ಆಮೇಲೆ ಮದುವೆಯಾಗಿ ಹಿರಿಯೂರಿಗೆ ಹೋದಳು.

ಅವಳ ಜೊತೆ ಓದಿದ್ದ ನಾಗವೇಣಿ ಮಾತ್ರ ಸಾಲ ಮಾಡಿ ಮೈಸೂರಿಗೆ ಹೋದಳು. ವರ್ಷಗಳ ನಂತರ ಹಿರಿಯೂರಿನ ಅಕ್ಕನ ಮನೆಗೆ ಅವಳು ಬಂದಾಗ ನಾನೂ ಅಲ್ಲಿದ್ದೆ. ಹೊಳಲ್ಕೆರೆಯಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. "ಇನ್ನೂ ಕಂತು ಕಟ್ತಾ ಇದೀನಿ ಕಣೇ. ರಜಾ ಬಂತಂದ್ರೆ ಎದೆ ಡವಡವ ಅಂತೈತೆ" ಎಂದಳು. ಅಕ್ಕನ ಲೆಕ್ಕ ಒಂದಂಕಿಯೂ ತಪ್ಪಿರಲಿಲ್ಲ. ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಸಮಾಧಾನವಾಯಿತು.

ಆಮೇಲೆ ಅಕ್ಕ, "ಈಗ ಏನು ಪಾಠ ಮಾಡ್ತೀಯೆ, ತೋರ್ಸು" ಎಂದಳು. ನಾಗವೇಣಿ ಉತ್ಸಾಹದಿಂದ ಹಳೆಯ ಕ್ಯಾಲೆಂಡರಿನ ಹಿಂಬದಿ ಬರೆಯತೊಡಗಿದಳು. ಅಕ್ಕ ಬಗ್ಗಿ ನೋಡಿದಳು. ಮೊದಲು "ಹೂಂ, ಹೂಂ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಹೂಂಗುಟ್ಟುವಿಕೆ ನಿಂತಿತು. "ಇರು, ಹಿಂದಿನ ಸಾಲು ಇನ್ನೊಂದ್ಸಲ ಹೇಳು" ಎಂದಳು. ನಾಗವೇಣಿ ಹೇಳಿದಳು. ಅಕ್ಕನ ಬೆರಳು ಆ ಸಾಲಿನ ಮೇಲೆಯೇ ನಿಂತಿತ್ತು. ಕೊನೆಗೆ, "ಬ್ಯಾಡ ಬಿಡೇ, ಅನ್ನ ಸೀದೀತು" ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವಳನ್ನು ನೋಡಿ ನಾನು ಸದ್ದಿಲ್ಲದೆ ವಾಪಸು ಬಂದೆ. ಅಷ್ಟು ದುಃಖ ನಾನು ಅವಳಲ್ಲಿ ಅಪ್ಪ ತೀರಿಕೊಂಡಾಗಲೂ ನೋಡಿರಲಿಲ್ಲ.

ಇವತ್ತು ನಾನೂ ಒಂದು ಲೆಕ್ಕ ಹಾಕಿಟ್ಟಿದ್ದೆ. ಸಾಲ, ಬಡ್ಡಿ, ರಚನಾಳಿಗೆ ಸಿಗಬಹುದಾದ ಸಂಬಳ. ನನ್ನ ಗಣಿತದ ಮೇಲೆ ನನಗೇ ನಂಬಿಕೆಯಿಲ್ಲದೆ ಆ ಹಾಳೆಯನ್ನು ಅಕ್ಕನ ಮುಂದೆ ಚಾಚಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು.

"ಬಡ್ಡಿ ಕಮ್ಮಿ ಹಿಡಿದೀಯ" ಎಂದು ತಿದ್ದಿದಳು. ನಷ್ಟ ಇನ್ನಷ್ಟು ಬೆಳೆಯಿತು. "ಈಗ ಸರಿ ಐತೆ."

"ಹಂಗಾರೆ ಬ್ಯಾಡ ಅಂತೀಯಾ ಅಕ್ಕಾ?"

ಅಕ್ಕ ಚೀಲದಿಂದ ಒಂದು ಕೊಬ್ಬರಿ ತೆಗೆದು ಅಂಗೈಯಲ್ಲಿ ಹೊರಳಿಸುತ್ತ ಕುಳಿತಳು. ಒಳಕೋಣೆಯಲ್ಲಿ ರಚನಾ ಯಾವುದೋ ಲೆಕ್ಕ ಬಿಡಿಸುತ್ತ ತನ್ನಷ್ಟಕ್ಕೆ ನಗುವುದು ಕೇಳಿಸಿತು.

"ಅವತ್ತು ನನ್ ಲೆಕ್ಕಾನೂ ಸರೀನೇ ಇತ್ತು ಕಣೇ" ಎಂದಳು ಅಕ್ಕ.

ನಾನು ಅರ್ಜಿ ಎಳೆದುಕೊಂಡು ಸಹಿ ಹಾಕಿದೆ. ಸಾಲ ಹೇಗೆ ತೀರುತ್ತದೋ ನನಗೆ ಈಗಲೂ ಗೊತ್ತಿಲ್ಲ. ಅಕ್ಕ, ಹಿರಿಯೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಸೆರಗು ಸರಿಪಡಿಸಿಕೊಂಡಳು. ರಚನಾಳ ಕೋಣೆಯ ಬಾಗಿಲವರೆಗೆ ಹೋದವಳು ಒಳಗೆ ಹೋಗದೆ, ಆ ನಗು ಕೇಳುತ್ತ ಹೊರಗೇ ನಿಂತಳು.