ಟಾರ್ಗೆಟ್ ಮುಗೀತೇನವ್ವ?

ದಾವಣಗೆರೆಯ ವಿಮಾ ಕಂಪನಿಯ ಕೆಲಸಕ್ಕೆ ನಾನು ರಾಜೀನಾಮೆ ಕೊಟ್ಟದ್ದು ಸೆಪ್ಟೆಂಬರ್ ಒಂಬತ್ತಕ್ಕೆ. ಅಲ್ಲಿ ಆರು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಏಜೆಂಟರಿಗೆ ತಿಂಗಳ ಟಾರ್ಗೆಟ್ ಹಂಚುವುದು, ತಿಂಗಳ ಕೊನೆಗೆ ಅದು ಯಾಕೆ ಮುಗಿದಿಲ್ಲ ಎಂದು ಕೇಳುವುದು. ಕುರ್ಚಿ ಮೆತ್ತಗಿತ್ತು, ಏಸಿ ತಣ್ಣಗಿತ್ತು. ನಾನು ಸತ್ತರೆ ಮನೆಯವರಿಗೆ ಬಹಳ ಅನುಕೂಲವಾಗುವಂಥ ವ್ಯವಸ್ಥೆಯೂ ಇತ್ತು. ಬದುಕಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಯಾವ ಪಾಲಿಸಿಯೂ ಇರಲಿಲ್ಲ.

ಬಿಟ್ಟು ಸೇರಿದ್ದು ಒಂದು ಸಣ್ಣ ಟ್ರಸ್ಟಿಗೆ. ಹತ್ತಿರದ್ದು ಕಾಣದ ಹೆಂಗಸರ ಕಣ್ಣು ಪರೀಕ್ಷೆ ಮಾಡಿ ಓದುವ ಕನ್ನಡಕ ಕೊಡುವುದು ಅವರ ಕೆಲಸ. ಅಡಿಕೆ ಸುಲಿಯುವವರು, ಕೌದಿ ಹೊಲಿಯುವವರು, ಅಕ್ಕಿ ಆರಿಸುವವರು, ನಲವತ್ತು ದಾಟಿದ ಮೇಲೆ ಅಂದಾಜಿನಲ್ಲೇ ಕೆಲಸ ಮಾಡುತ್ತಾರೆ. ಅವರ ಬೆರಳಿನ ಗಾಯ ನೋಡಿದರೆ ಗೊತ್ತಾಗುತ್ತದೆ. ನಾನು ತರಬೇತಿ ಪಡೆದೆ, ಒಂದು ಪೆಟ್ಟಿಗೆ ಕನ್ನಡಕ ಹಿಡಿದು ನ್ಯಾಮತಿಯ ನಮ್ಮ ಮನೆಗೆ ಬಂದೆ.

ನನ್ನ ಬಾಸ್ ಒಳ್ಳೆಯ ಮನುಷ್ಯ. "ತೊಂಬತ್ತು ದಿನ ನಿಮ್ಮ ಕುರ್ಚಿಗೆ ಯಾರನ್ನೂ ಕೂರಿಸಲ್ಲ. ಡಿಸೆಂಬರ್ ಎಂಟರೊಳಗೆ ಒಂದು ಮೇಲ್ ಹಾಕಿ, ರಾಜೀನಾಮೆ ಹರಿದು ಹಾಕ್ತೀನಿ" ಎಂದಿದ್ದರು. ನಾನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕರಾರು ಬರೆದುಕೊಂಡೆ: ಎಂಟನೇ ತಾರೀಖಿನೊಳಗೆ ಈ ಕೆಲಸದಿಂದ ಒಬ್ಬರಿಗಾದರೂ ಉಪಯೋಗವಾಯಿತು ಎಂದು ಖಾತ್ರಿಯಾಗಬೇಕು. ಇಲ್ಲದಿದ್ದರೆ ಮರ್ಯಾದೆಯಿಂದ ಮೆತ್ತನೆ ಕುರ್ಚಿಗೆ ವಾಪಸ್.

ನ್ಯಾಮತಿಯಲ್ಲಿ ಮೊದಲ ಎರಡು ವಾರ ಜನ ನನ್ನನ್ನು ನೋಡಲು ಬಂದರು. ಕೆಲಸ ಬಿಟ್ಟದ್ದಕ್ಕೆ ಅವರೇ ಊಹಿಸಿಕೊಂಡ ಕಾರಣಗಳ ಲೆಕ್ಕ ನನ್ನಲ್ಲಿದೆ. ಬಂದವರು ಮೂವತ್ತೊಂದು. ಮದುವೆ ಗೊತ್ತಾಗಿದೆ ಎಂದವರು ಎಂಟು. ಕಾಯಿಲೆ, ನಾಲ್ಕು. ಯಾವನೋ ಹುಡುಗ, ಎರಡು. ಸಸ್ಪೆಂಡ್, ಹದಿನೇಳು. ನಾನೇ ಬಿಟ್ಟೆ ಎಂದು ನಂಬಿದವರು, ಸೊನ್ನೆ.

ನಮ್ಮ ಕಡೆ ಕೆಲಸವನ್ನು ಯಾರೂ ಬಿಡುವುದಿಲ್ಲ. ಕೆಲಸ ಇದ್ದೂ ಮನೆಯಲ್ಲಿ ಕೂತವರು ಎಂದರೆ ಸಸ್ಪೆಂಡ್ ಆದವರು. ಖಾಸಗಿ ಕಂಪನಿಯವರು ಸಸ್ಪೆಂಡ್ ಮಾಡುವಷ್ಟು ಶ್ರಮ ತೆಗೆದುಕೊಳ್ಳುವುದಿಲ್ಲ, ನೇರ ಮನೆಗೇ ಕಳಿಸುತ್ತಾರೆ ಎಂದು ಪಕ್ಕದ ಮನೆಯ ದೊಡ್ಡಮ್ಮನಿಗೆ ವಿವರಿಸಿದೆ. ಆಕೆ ನನ್ನ ತಲೆ ಸವರಿದಳು.

"ಇರ್ಲಿ ಬಿಡೇ ತಂಗಿ. ದೊಡ್ಡ ದೊಡ್ಡ ತಹಶೀಲ್ದಾರ್‌ಗಳೇ ಸಸ್ಪೆಂಡ್ ಆಗ್ತಾರೆ. ನೀನ್ಯಾವ ಲೆಕ್ಕ?"

ಆಮೇಲೆ ಕ್ಯಾಂಪುಗಳು ಶುರುವಾದವು. ಹೊನ್ನಾಳಿ ಹತ್ತಿರದ ಹಳ್ಳಿಯಲ್ಲಿ ಮೂವತ್ತೆಂಟು ಜನ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ನಲವತ್ತಾರು. ನ್ಯಾಮತಿಯಲ್ಲಿ ಇಪ್ಪತ್ತೇಳು. ಜಗಳೂರಿನ ಕಡೆ ಮೂವತ್ತಮೂರು. ಒಟ್ಟು ನೂರ ನಲವತ್ತನಾಲ್ಕು. ಟ್ರಸ್ಟಿನವರು ಇಷ್ಟು ಜನರನ್ನು ಕಂಡೇ ಇರಲಿಲ್ಲ. ಪರೀಕ್ಷೆಯ ಕಾರ್ಡು ಹಿಡಿದರೆ ಸಾಕು, ಎಲ್ಲರದೂ ಒಂದೇ ರಾಗ: "ಮಸುಕು ಕಣವ್ವ, ಎಲ್ಲಾ ಮಸುಕು." ಮೂವತ್ತು ತುಂಬದ ಒಬ್ಬಾಕೆಗೂ ಮಸುಕು. ಆಕೆ ಮಸುಕು ಎನ್ನುತ್ತಲೇ ನನ್ನ ಕುಪ್ಪಸದ ತೋಳಿನಲ್ಲಿ ಒಂದು ಹೊಲಿಗೆ ಬಿಚ್ಚಿದೆ ಎಂದು ತೋರಿಸಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ನಾನು ಗೀಟು ಎಳೆದು ಎಣಿಸುತ್ತಿದ್ದೆ.

ನವೆಂಬರಿನಲ್ಲಿ ಎರಡನೇ ಸುತ್ತು ಹೊರಟೆ, ಎಷ್ಟು ಜನ ಕನ್ನಡಕ ಹಾಕುತ್ತಿದ್ದಾರೆ ನೋಡೋಣವೆಂದು. ಮೊದಲು ಹೊನ್ನಾಳಿ ಕಡೆ. ಕನ್ನಡಕಗಳು ಕ್ಷೇಮವಾಗಿದ್ದವು. ಕೆಲವು ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ. ಕೆಲವು ದೇವರ ಗೂಡಿನಲ್ಲಿ, ಕುಂಕುಮ ಹಚ್ಚಿಸಿಕೊಂಡು. ಒಂದು ಮನೆಯಲ್ಲಿ ತೀರಿಕೊಂಡ ಯಜಮಾನರ ಫೋಟೋಗೆ ಹಾರದ ಜೊತೆ ಕನ್ನಡಕವನ್ನೂ ಏರಿಸಿದ್ದರು.

"ಇದ್ದಾಗಂತೂ ನಾನು ಮಾಡೋ ಕೆಲಸ ಅವ್ರ ಕಣ್ಣಿಗೆ ಕಾಣಲಿಲ್ಲ. ಈಗಾದ್ರೂ ಕಾಣ್ಲಿ ಅಂತ" ಎಂದಳು ಮನೆಯಾಕೆ.

ಆ ದಿನದ ನನ್ನ ದಾಖಲೆ: ಹಾಕಿಕೊಂಡವರು, 1 (ದಿವಂಗತ).

ನ್ಯಾಮತಿಯಲ್ಲೂ ಅದೇ ಕಥೆ. ಮರುವಾರ ಕತ್ತಲಗೆರೆಗೆ ಹೋದೆ. ಅಡಿಕೆ ಸುಲಿಯುವ ಕಣದಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬರ ಮೂಗಿನ ಮೇಲೂ ಕನ್ನಡಕವಿಲ್ಲ. ಸಾಲಿನ ಹಿರಿಯಾಕೆ, ಬೆರಳಿಗೆ ಬಟ್ಟೆ ಸುತ್ತಿಕೊಂಡ ಅಜ್ಜಿ, ಸುಲಿಯುವುದು ನಿಲ್ಲಿಸದೆಯೇ ಕೇಳಿದಳು.

"ಟಾರ್ಗೆಟ್ ಮುಗೀತೇನವ್ವ?"

"ಯಾವ ಟಾರ್ಗೆಟ್ಟಜ್ಜಿ?"

"ಅದೇ ಕಣೇ, ಸಸ್ಪೆಂಡ್ ಮಾಡ್ಯಾರಂತಲ್ಲ ನಿನ್ನ. ಇಷ್ಟು ಜನಕ್ಕೆ ಕನ್ನಡಕ ಹಾಕ್ಸಿದ್ರೆ ವಾಪಸ್ ತಗಂತಾರಂತೆ. ನಿಮ್ಮ ಪಕ್ಕದ ಮನಿಯಾಕಿ ಫೋನ್ ಮಾಡಿ ಹೇಳಿದ್ಲು. ನಮ್ಮ ಬೀಗರ ಪೈಕಿ ಆಕಿ."

ಪಕ್ಕದಾಕೆ ಸೇರಿಸಿದಳು: "ಪೋಲಿಯೋದೋರಿಗೂ ಟಾರ್ಗೆಟ್ಟು, ಬ್ಯಾಂಕಿನೋರಿಗೂ ಟಾರ್ಗೆಟ್ಟು. ನೀನು ಗೀಟು ಹಾಕ್ಕಂಡು ಎಣಿಸೋದು ನೋಡೇ ಖರೆ ಅಂದ್ಕಂಡ್ವಿ. ಪಾಪ, ಹೆಣ್ಣುಹುಡುಗಿ, ಕಾಣಲ್ಲ ಅಂದ್ರೆ ನಮಗೇನು ಗಂಟು ಹೋಗ್ತೈತೆ?"

"ಹಂಗಾದ್ರೆ ನಿಮಗೆಲ್ಲ ಕಣ್ಣು ಕಾಣತೈತಾ?"

"ಕೆಲವ್ರಿಗೆ ಕಾಣತೈತೆ, ಕೆಲವ್ರಿಗೆ ಕಾಣಲ್ಲ" ಎಂದಳು ಅಜ್ಜಿ. "ನನಗಂತೂ ಕಾಣಲ್ಲ. ಆದ್ರೂ ಹೊಸ ಸಾಮಾನು ಈ ಕಣದಾಗೆ ಯಾರು ಹಾಳು ಮಾಡ್ತಾರೆ? ಮೊಮ್ಮಗಳ ಮದುವೆಗೆ ಹಾಕ್ಕೊಂತೀನಿ."

ಟಾರ್ಗೆಟ್ ಎಂಬ ಪದದಿಂದ ಓಡಿಹೋಗಲು ನಾನು ಕೆಲಸ ಬಿಟ್ಟಿದ್ದೆ. ನಾಲ್ಕು ತಾಲ್ಲೂಕಿನ ಹೆಂಗಸರು ಸೇರಿ ಅದನ್ನು ನೂರ ನಲವತ್ತನಾಲ್ಕು ಸಲ ಮುಗಿಸಿಕೊಟ್ಟಿದ್ದರು. ಕಂಪನಿಯಲ್ಲಿ ಆರು ವರ್ಷದಲ್ಲಿ ಒಂದು ತಿಂಗಳೂ ನನಗೆ ಇಂಥ ಫಲಿತಾಂಶ ಸಿಕ್ಕಿರಲಿಲ್ಲ.

ಮನೆಗೆ ಬಂದು ದೊಡ್ಡಮ್ಮನ ಮೇಲೆ ಹಾರಾಡಿದೆ. "ನಿನ್ನ ಒಳ್ಳೇದಕ್ಕೇ ಮಾಡಿದ್ನಲ್ಲೇ. ಒಂಬತ್ತು ಊರಿಗೆ ಫೋನ್ ಮಾಡೀನಿ" ಎಂದು ಆಕೆ ಕಣ್ಣೀರು ಹಾಕಿದಳು. ಅವ್ವನಿಗೂ ಇದೆಲ್ಲ ಗೊತ್ತಿತ್ತಂತೆ.

"ಗೊತ್ತಿದ್ದೂ ಸುಮ್ನಿದ್ಯಾ?"

"ಮತ್ತೇನ್ ಮಾಡ್ಲಿ? ನೀನೇ ಬಿಟ್ಟೆ ಅಂದ್ರೆ ತಲೆ ಕೆಟ್ಟೈತೆ ಅಂತಾರೆ. ಸಸ್ಪೆಂಡ್ ಆದೋರಿಗೆ ಕೆಲಸ ವಾಪಸ್ ಸಿಗತೈತೆ. ತಲೆ ಕೆಟ್ಟೋರಿಗೆ ಸಿಗಲ್ಲ" ಎಂದಳು ಅವ್ವ, ರೊಟ್ಟಿ ತಟ್ಟುತ್ತಾ.

ಜಗಳೂರಿಗೆ ಎರಡನೇ ಸುತ್ತು ಹೋಗುವ ಧೈರ್ಯ ನನಗೆ ಆಗಲಿಲ್ಲ. ಡಿಸೆಂಬರ್ ಆರಕ್ಕೆ ಬಾಸ್‌ಗೆ ಮೇಲ್ ಬರೆದೆ. ನಾಲ್ಕೇ ಸಾಲು. 'ಯೋಚಿಸಿ ನೋಡಿದೆ' ಎಂದು ಶುರುವಾಗಿ 'ಕ್ಷಮೆ ಇರಲಿ' ಎಂದು ಮುಗಿಯುತ್ತಿತ್ತು. ಕಳಿಸಲಿಲ್ಲ, ಉಳಿಸಿಟ್ಟೆ. ಎಂಟನೇ ತಾರೀಖು ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸೋಣ ಎಂದುಕೊಂಡೆ. ತಪ್ಪು ಅಕ್ಷರ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಎಂಟನೇ ತಾರೀಖು ಬೆಳಿಗ್ಗೆ ಏಳೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನೀನೇ ಏನು ಕನ್ನಡಕ ಕೊಟ್ಟಾಕಿ?"

"ಹೌದು, ಯಾರು?"

"ಯಾರಾದ್ರೆ ನಿನಗೇನು! ಜಗಳೂರು ಕಡೇಲಿಂದ ಮಾತಾಡ್ತಿದೀನಿ. ಇಂಥ ಹಾಳು ಕನ್ನಡಕ ಕೊಡ್ತಾರೇನೇ? ಕಾಲು ಕಳಚಿ ಬಿದ್ದೈತೆ. ದಾರ ಕಟ್ಟಿದೆ, ನಿಲ್ಲವಲ್ದು. ನಾಕು ದಿನ ಆತು, ಕೌದಿ ಹೊಲ್ಯಾಕೆ ಆಗಿಲ್ಲ. ಕೊಟ್ಟು ಓಡಿಹೋದ್ರೆ ಮುಗೀತೇನು?"

"ಅಜ್ಜಿ, ನೀವು ಅದನ್ನ ಹಾಕ್ಕೊಂತಿದ್ರಾ?"

ಆ ಕಡೆಯಾಕೆ ನನ್ನ ಬುದ್ಧಿಮಟ್ಟವನ್ನು ಅಳೆದಳೆಂದು ಕಾಣುತ್ತದೆ.

"ಹಾಕ್ಕೊಳ್ಳದೇ ಹೆಂಗೆ ಮುರೀತೈತೆ?"

ನಾನು ಜೀವನದಲ್ಲಿ ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೊರಟೆ. ಎರಡು ಕಡೆ ಬಸ್ಸು ಬದಲಿಸಿ ಆಕೆಯ ಮನೆ ಮುಟ್ಟಿದಾಗ ಮಧ್ಯಾಹ್ನ. ಜಗುಲಿಯ ಮೇಲೆ ಅರ್ಧ ಹೊಲಿದ ಕೌದಿ ಹರಡಿತ್ತು. ಹೊಲಿಗೆಗಳು ಒಂದು ತುದಿಯಿಂದ ಇರುವೆಸಾಲಿನಂತೆ ಸಣ್ಣಗೆ, ನೇರ ಬಂದು ನಡುವೆ ನಿಂತುಬಿಟ್ಟಿದ್ದವು. ಅದರ ಪಕ್ಕದಲ್ಲೇ ಹಳೆಯ ಒಂದು ಕೌದಿ. ಅದರಲ್ಲಿ ಹೊಲಿಗೆಗಳು ಕುಡಿದು ಮನೆಗೆ ಬಂದವರಂತೆ ಎಲ್ಲೆಲ್ಲೋ ನಡೆದಿದ್ದವು.

"ಇದು ಹ್ವಾದ ವರ್ಷದ್ದು" ಎಂದು ಅಜ್ಜಿ ಅದನ್ನು ಕಾಲಿನಿಂದ ಆಚೆ ತಳ್ಳಿದಳು.

ಕನ್ನಡಕದ ಕಾಲು ಜೋಡಿಸಲು ಕೂತೆ. ಹೊಸ ಸ್ಕ್ರೂ ಸಾಸಿವೆಗಿಂತ ಚಿಕ್ಕದು, ಕೈ ಜಾರಿ ಕೌದಿಯ ಮೇಲೆ ಬಿತ್ತು. ಆಗಲೇ ಫೋನ್ ಬಂತು. ಬಾಸ್. ನಾನು ಮೊಣಕಾಲೂರಿ ಸ್ಕ್ರೂ ಹುಡುಕುತ್ತಿದ್ದೆ. ಫೋನ್ ರಿಂಗಾಗಿ ರಿಂಗಾಗಿ ನಿಂತಿತು.

"ಆಚೆ ಸರಿ" ಎಂದಳು ಅಜ್ಜಿ. ನನ್ನ ಪೆಟ್ಟಿಗೆಯಿಂದ ಇನ್ನೊಂದು ಕನ್ನಡಕ ತಾನೇ ತೆಗೆದು ಏರಿಸಿಕೊಂಡಳು, ಬಗ್ಗಿದಳು, ಸ್ಕ್ರೂ ಹೆಕ್ಕಿ ನನ್ನ ಅಂಗೈಯಲ್ಲಿಟ್ಟಳು. "ನಿನಗೇ ಕಾಣವಲ್ದು. ನಮಗೇನು ಕಾಣಿಸ್ತೀ?"

ರಿಪೇರಿ ಮುಗಿಯಿತು. ಪೆಟ್ಟಿಗೆಯ ಕನ್ನಡಕವನ್ನೂ ಆಕೆ ವಾಪಸ್ ಕೊಡಲಿಲ್ಲ. ಮತ್ತೆ ಮುರಿದರೆ ಇರಲಿ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ: ದೂರು, 1. ಆಮೇಲೆ ಫೋನ್ ತೆಗೆದು, ಒಂದೂ ತಪ್ಪಕ್ಷರವಿಲ್ಲದ ಆ ನಾಲ್ಕು ಸಾಲನ್ನು ಅಳಿಸಿದೆ.

ಬಸ್ಸಿಗೆ ಹೊರಟಾಗ ಅಜ್ಜಿ ಬಾಗಿಲವರೆಗೂ ಬಂದಳು.

"ಮುಂದಿನ ತಿಂಗಳು ಬಂದು ನೋಡ್ಕಂಡು ಹೋಗಬೇಕು. ನಮ್ಮ ಓಣ್ಯಾಗೆ ಇನ್ನೂ ಆರು ಮಂದಿ ಅದಾರೆ. ತಪ್ಪಿಸಿದ್ಯೋ, ನಿಮ್ಮ ಆಫೀಸಿಗೆ ಹೇಳಿ ಸಸ್ಪೆಂಡ್ ಮಾಡಿಸ್ತೀನಿ ನೋಡು."